ಸೋದರಮಾವ ಹಾಕಿದ ಗುಡ್ಲು

ಮಾವ ಕಟ್ಟಿಸಿದ ಮನೆಯಲ್ಲಿ ಬಚ್ಚಲೊಂದನ್ನು ಬಿಟ್ಟರೆ ಒಳಗೆ ಎಲ್ಲೂ ಬಾಗಿಲಿರಲಿಲ್ಲ. ಮುಂದಿನ ಬಾಗಿಲು ಗಾಜಿನದು. ಅದನ್ನು ದಾಟಿದರೆ ಉದ್ದಕ್ಕೆ ಒಂದೇ ಜಾಗ. ಅಲ್ಲೇ ಅಡುಗೆ, ಅಲ್ಲೇ ಊಟ, ಅಲ್ಲೇ ದೇವರು, ಅಲ್ಲೇ ಮಾವ ನಕ್ಷೆ ಬರೆಯುವ ಓರೆ ಮೇಜು, ಅಲ್ಲೇ ನಮ್ಮ ಹಾಸಿಗೆ. ಗೋಡೆಗೆ ಗಾರೆ ಇಲ್ಲ, ಸುಣ್ಣ ಇಲ್ಲ. ಕಾಂಕ್ರೀಟು ಹಾಕುವಾಗ ಕಟ್ಟಿದ್ದ ಹಲಗೆಗಳ ಗೆರೆ, ಗಂಟು ಎಲ್ಲ ಹಾಗೇ ಅಚ್ಚೊತ್ತಿ ನಿಂತಿದ್ದವು. ದಕ್ಷಿಣದ ಕಡೆ ಗೋಡೆಯೂ ಅಲ್ಲ, ಕಿಟಕಿಯೂ ಅಲ್ಲ, ಇಟ್ಟಿಗೆಯ ಜಾಲಿ. ಅದರ ತೂತುಗಳಿಂದ ಬಿಸಿಲು ಬಂದು ನೆಲದ ಮೇಲೆ, ನಮ್ಮ ಮೈಮೇಲೆ, ಊಟದ ತಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತಿತ್ತು. ಕುಂದಲಹಳ್ಳಿಯಿಂದ ಹೊಲಕ್ಕೆ ಹೋಗುವವರಿಗೆ ನಮ್ಮ ಮನೆ ದಾರಿಯಲ್ಲೇ ಸಿಗುತ್ತಿತ್ತು. ಅವರು ನಿಂತು ಕೇಳುತ್ತಿದ್ದರು:

“ಗಾರೆ ಯಾವಾಗ ಮಾಡುಸ್ತೀರಾ ಇಂಜಿನಿಯರಪ್ಪಾ? ಮಳೆ ಇಡ್ಕೊಂಬುಡ್ತದೆ.”

“ಮನೆ ಇಷ್ಟೇ ಕಣಪ್ಪ, ಮುಗೀತು.”

“ಅಯ್ಯೋ ಪಾಪ, ಮೇಸ್ತ್ರಿ ಕೈಕೊಟ್ನಾ?”

ಮಾವ ಇಂಜಿನಿಯರ್ ಅಲ್ಲ, ಆರ್ಕಿಟೆಕ್ಟ್. ಆ ಮಾತು ಆಗ ನಮ್ಮ ಕಡೆ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಅವನು ನಮ್ಮಮ್ಮನ ಅಣ್ಣ. ಊರಿನ ಶಾಲೆಯಲ್ಲಿ ಓದಿ, ಪೇಟೆಯ ಹಾಸ್ಟೆಲಿನಲ್ಲಿದ್ದು, ಸ್ಕಾಲರ್‌ಶಿಪ್ ಸಿಕ್ಕಿ ಹೊರದೇಶಕ್ಕೆ ಹೋಗಿ, ಅಲ್ಲಿ ಒಬ್ಬ ದೊಡ್ಡ ಆರ್ಕಿಟೆಕ್ಟಿನ ಕೈಕೆಳಗೆ ಕೆಲಸ ಮಾಡಿ ಬಂದವನು. ಬಂದ ಮೇಲೆ ಪೇಟೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಜೊತೆಗೆ ಜಾಲಹಳ್ಳಿಯ ಕಡೆ ಏಳುತ್ತಿದ್ದ ಒಂದು ಕಾರ್ಖಾನೆಯ ಕೆಲಸಗಾರರಿಗೆ ಕ್ವಾರ್ಟರ್ಸ್ ನಕ್ಷೆ ಮಾಡುತ್ತಿದ್ದ. ಪೇಟೆಯವರೆಲ್ಲ ಅವನಿಗೆ ಬಹುವಚನ ಹಾಕಿ ಮಾತಾಡುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಏಕವಚನ. ಈಗ ಬರೆಯುವಾಗಲೂ ಕೈಗೆ ಅದೇ ಬರುತ್ತದೆ, ನೀವು ತಪ್ಪು ತಿಳಿಯಬೇಡಿ. ನನ್ನ ಅಪ್ಪ ತೀರಿಕೊಂಡಾಗ ಅಮ್ಮ ನನ್ನನ್ನು ಕರೆದುಕೊಂಡು ತವರಿಗೆ ಬಂದಳು. ಊರೊಳಗಿನ ಹಳೇ ಮನೆ ಅಷ್ಟರಲ್ಲಿ ದಾಯಾದಿಗಳ ಪಾಲಾಗಿತ್ತು. ಹಾಗಾಗಿ ಹೊಲದಲ್ಲಿ ಎದ್ದ ಈ ಹೊಸ ಮನೆಗೆ ನಾವು ನಾಲ್ಕು ಜನ: ಅಜ್ಜಿ, ಅಮ್ಮ, ಮಾವ, ನಾನು. ಮಾವನಿಗೆ ಇನ್ನೂ ಮದುವೆ ಆಗಿರಲಿಲ್ಲ.

ಅವನು ಒಂದು ಕಡೆ ಕೂತಿದ್ದನ್ನು ನಾನು ಕಂಡಿಲ್ಲ. ಮುದ್ದೆಯ ತಟ್ಟೆಯನ್ನು ಅಂಗೈ ಮೇಲಿಟ್ಟುಕೊಂಡು ಆ ತುದಿಯಿಂದ ಈ ತುದಿಗೆ ನಡೆಯುತ್ತಾ ಉಣ್ಣುತ್ತಿದ್ದ. ಮಾತಾಡುತ್ತಾ ಇದ್ದಿಲಿನಲ್ಲಿ ಗೋಡೆಯ ಮೇಲೆ ಗೀಚುತ್ತಿದ್ದ. ಮನೆಯಲ್ಲಿ ಗೋಡೆಗಳ ಬದಲು ಚಕ್ರ ಹಾಕಿದ ಮರದ ಪರದೆಗಳಿದ್ದವು, ನನ್ನ ಭುಜದೆತ್ತರ. ಅವುಗಳನ್ನು ಇವತ್ತು ಹೀಗೆ ನಾಳೆ ಹಾಗೆ ತಳ್ಳಿ, ದೂರ ನಿಂತು ನೋಡಿ, ಮತ್ತೆ ತಳ್ಳುತ್ತಿದ್ದ. ನಾನು ಶಾಲೆಯಿಂದ ಬಂದರೆ ನನ್ನ ಟ್ರಂಕು ಬೆಳಿಗ್ಗೆ ಇದ್ದಲ್ಲಿ ಇರುತ್ತಿರಲಿಲ್ಲ. ಒಂದು ಸಲ ನನ್ನ ಹಾಸಿಗೆ ಒಲೆಯ ಪಕ್ಕ, ಇನ್ನೊಂದು ಸಲ ಗಾಜಿನ ಬಾಗಿಲಿನ ಎದುರಿಗೆ. ನೆಲ ಪೂರ್ತಿ ಒಂದೇ ಸಮ, ಹೊಸಿಲು ಇಲ್ಲ. ಅಜ್ಜಿ ಬೆಳಿಗ್ಗೆ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಗಾಜಿನ ಮುಂದೆ ಬಗ್ಗಿ, ಎಲ್ಲಿ ಇಡುವುದೆಂದು ತಿಳಿಯದೆ, ಕೊನೆಗೆ ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು ಅದಕ್ಕೇ ಪೂಜೆ ಮಾಡುತ್ತಿದ್ದಳು. ದೇವರಿಗೆಂದು ಮಾವ ಗೋಡೆಯಲ್ಲಿ ಒಂದು ಸೀಳು ಬಿಟ್ಟಿದ್ದ. ಬೆಳಿಗ್ಗೆ ಅದರೊಳಗಿಂದ ಬಿಸಿಲು ದೀಪದ ಮೇಲೆ ಬೀಳಲಿ ಎಂದು. ಬಿಸಿಲು ಬರುತ್ತಿತ್ತು, ಅದರ ಜೊತೆ ಗಾಳಿಯೂ ಬಂದು ದೀಪ ಆರಿಸುತ್ತಿತ್ತು.

“ಒಂದ್ ಕೋಣೆ ಮಾಡ್ಸಿ ಬಾಗ್ಲು ಇಡುಸ್ಲಾ ರಾಜ,” ಅನ್ನುತ್ತಿದ್ದಳು ಅಜ್ಜಿ.

“ಬಾಗ್ಲು ಯಾಕವ್ವ? ಮನೇಲಿ ಯಾರು ಯಾರಿಗೆ ಮುಚ್ಚಿಡ್ಬೇಕು? ಇಡೀ ಊರು ಕತ್ತಲೆ ಕೋಣೇಲಿ ಹೊಗೆ ಕುಡ್ಕೊಂಡು ಬದುಕಿದ್ದು ಸಾಲ್ದಾ?”

ಅವನ ಮಾತೂ ಸುಳ್ಳಲ್ಲ. ಹಳೇ ಮನೆಯ ಅಡುಗೆಕೋಣೆಯಲ್ಲಿ ಅಜ್ಜಿಯ ಕಣ್ಣು ಸದಾ ನೀರಾಡುತ್ತಿತ್ತಂತೆ, ಇಲ್ಲಿಗೆ ಬಂದ ಮೇಲೆ ನಿಂತಿತು. ಅದನ್ನು ಅಜ್ಜಿ ಒಪ್ಪುತ್ತಿರಲಿಲ್ಲ, ಅಷ್ಟೇ. ನನಗೆ ಆಗ ಗಾಳಿ ಬೆಳಕಿನ ಬೆಲೆ ಗೊತ್ತಿರಲಿಲ್ಲ. ನಾನು ಯಾರಾದರೂ ಹೆಸರು ಕೇಳಿದರೆ ಅಮ್ಮನ ಸೆರಗಿನ ಹಿಂದೆ ಹೋಗುವ ಹುಡುಗಿ. ಆ ಮನೆಯಲ್ಲಿ ಹಿಂದೆ ಎನ್ನುವುದೇ ಇರಲಿಲ್ಲ. ಎಲ್ಲಿ ಕೂತರೂ ಯಾರಿಗಾದರೂ ಕಾಣುತ್ತಿದ್ದೆ. ಬಟ್ಟೆ ಬದಲಿಸುವುದಕ್ಕೆ, ಅಳುವುದಕ್ಕೆ, ಸುಮ್ಮನೆ ಇರುವುದಕ್ಕೆ ಬಚ್ಚಲಿಗೇ ಹೋಗಬೇಕು. ಹಂಡೆಯ ಮಗ್ಗುಲಲ್ಲಿ ಕೂತು ಪಾಠ ಬಾಯಿಪಾಠ ಮಾಡಿದ್ದೇನೆ. ಯಾರೋ ತಂಬಿಗೆ ಹಿಡಿದು ಬಂದು ಬಾಗಿಲು ತಟ್ಟುವವರೆಗೆ ಮಾತ್ರ ಅದು ನನ್ನ ಕೋಣೆ.

ಶನಿವಾರ ಬಂದರೆ ಅದೂ ಇಲ್ಲ. ಶನಿವಾರ ಮಾವನ ವಿದ್ಯಾರ್ಥಿಗಳು ಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು, ಹುಡುಗರೇ ಹೆಚ್ಚು. ಮನೆಯೇ ಅವರಿಗೆ ಪಾಠ. ಟೇಪು ಹಿಡಿದು ಕಂಬ ಅಳೆಯುತ್ತಿದ್ದರು, ಜಾಲಿ ಅಳೆಯುತ್ತಿದ್ದರು, ಆಮೇಲೆ ನಮ್ಮನ್ನೂ ಅಳೆಯುತ್ತಿದ್ದರು. ಅಜ್ಜಿ ಕೈ ಎತ್ತಿದರೆ ಎಷ್ಟು ಎತ್ತರದ ಡಬ್ಬಿ ಸಿಗುತ್ತದೆ, ಅಮ್ಮ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತೊಳೆಯಲು ಎಷ್ಟು ಜಾಗ ಬೇಕು, ಎಲ್ಲ ಬರೆದುಕೊಳ್ಳುತ್ತಿದ್ದರು. ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿ ಅಡುಗೆಮನೆಯ ಗೂಡುಗಳೆಲ್ಲ ಅಜ್ಜಿಯ ಕೈ ಎಟಕುವ ಎತ್ತರಕ್ಕೇ ಇದ್ದವು ಎಂದು ಮಾವ ಹೇಳಿದಾಗ ಅಜ್ಜಿ ಹಿಗ್ಗಿದ್ದಳು, ಹಿಗ್ಗಿಯೂ ಬಿಡಲಿಲ್ಲ:

“ನನ್ ಕೈಯಳತೇಲಿ ಊರೋರ್ಗೆಲ್ಲಾ ಮನೆ ಕಟ್ಟವ್ನೆ. ನಂಗೊಂದ್ ಒಸ್ಲು ಕಟ್ಟಾಕಾಗ್ನಿಲ್ಲ ಇವುನ್ಗೆ.”

ಇನ್ನು ಮುಂದಿನದನ್ನು ಬರೆಯುವುದೋ ಬೇಡವೋ ಎಂದು ತುಂಬಾ ಯೋಚಿಸಿದೆ. ಸಿರಿ, ಮೊಮ್ಮಗಳೇ, ನೀನು ಓದುತ್ತೀಯ, ನಿನ್ನ ತಮ್ಮ ಸುಮಂತನೂ ಓದುತ್ತಾನೆ. ನಿಮ್ಮ ತಾತ ಇದ್ದಿದ್ದರೆ ಇದನ್ನೆಲ್ಲ ಯಾಕೆ ಬರೆಯುತ್ತೀಯೆ ಅನ್ನುತ್ತಿದ್ದರೋ ಏನೋ. ಆದರೆ ಇದನ್ನು ಬಿಟ್ಟರೆ ಮಾವನ ಕತೆಯೇ ಇಲ್ಲ. ಆ ವರ್ಷ ನಾನು ದೊಡ್ಡವಳಾದೆ. ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಸೋದರಮಾವ ತನ್ನ ಕೈಯಾರೆ ಗುಡ್ಲು ಹಾಕಬೇಕು. ಗುಡ್ಲು ಎಂದರೆ ಸಣ್ಣ ಗುಡಿಸಲು. ಅಂಗಳದಲ್ಲಿ ಅತ್ತಿಯ ಹಸಿ ಕೊಂಬೆ ನೆಟ್ಟು, ತೆಂಗಿನ ಗರಿ, ಹೊಂಗೆ ಸೊಪ್ಪು ಹೊದಿಸಿ, ಒಳಗೆ ಹುಲ್ಲು ಹಾಸಿ ಹುಡುಗಿಯನ್ನು ಕೂರಿಸುತ್ತಾರೆ. ಕೆಲವು ದಿನ ಅವಳು ಅಲ್ಲೇ. ಹೆಂಗಸರು ಎಳ್ಳು ಚಿಗಳಿ, ಕೊಬ್ಬರಿ ಬೆಲ್ಲ ತಂದು ತಿನ್ನಿಸುತ್ತಾರೆ. ಕೊನೆಯ ದಿನ ಹಾಕಿದ ಮಾವನೇ ಬಂದು ಗುಡ್ಲು ಕೀಳಬೇಕು. ಅಜ್ಜಿ ಸುದ್ದಿ ತಿಳಿದ ತಕ್ಷಣ ಅಮ್ಮನ ಹಳೇ ಸೀರೆಯೊಂದನ್ನು ಎರಡು ಕಂಬಕ್ಕೆ ಕಟ್ಟಿ ನನ್ನನ್ನು ಅದರ ಹಿಂದೆ ಕೂರಿಸಿದಳು. ಸಂಜೆ ಮಾವ ಕಾಲೇಜಿನಿಂದ ಬಂದ. ಊಟಕ್ಕೆ ಬಡಿಸುತ್ತಾ ಅಜ್ಜಿ ವಿಷಯ ತೆಗೆದಳು. ನಾನು ಸೀರೆಯ ಈಚೆ ಕೂತು ಎಲ್ಲ ಕೇಳುತ್ತಿದ್ದೆ.

“ನಾನು ಮಕ್ಕಳಿಗೆ ಪಾಠ ಹೇಳೋನು ಅವ್ವ. ಹೆಣ್ ಮಗು ದೊಡ್ಡವಳಾದ್ಲು ಅಂತ ಅಂಗಳದಲ್ಲಿ ಕೂರ್ಸಿ ಊರಿಗೆಲ್ಲಾ ಸಾರೋದಾ? ನನ್ ಕೈಲಾಗಲ್ಲ.”

“ಕುಂತ್ಕೊಂಡು ಮಾತಾಡ್ಲಾ ಮೊದ್ಲು. ತಿರುಗ್ತಾ ತಿರುಗ್ತಾ ಇಲ್ಲ ಅಂತಾನೆ.”

“ಕೂತ್ರೂ ಇಲ್ಲಾನೇ.”

“ಆಯ್ತು ಬುಡು. ಅಳೇ ಮನೆ ಕೆಂಪಣ್ಣುನ್ ಕರುಸ್ತೀನಿ. ಅವುನೂ ಇವಳ್ಗೆ ಮಾವ್ನೇ. ಊರೋರು ಕೇಳುದ್ರೆ ಏಳ್ತೀನಿ, ನಮ್ ರಾಜ ಊರೋರ್ಗೆಲ್ಲಾ ಮನೆ ಕಟ್ತಾನೆ, ತಂಗಿ ಮಗಳ್ಗೊಂದ್ ಗುಡ್ಲು ಕಟ್ಟಾಕ್ ಬರಾಕಿಲ್ಲ ಅಂತ.”

ಮಾವನ ನಡಿಗೆ ನಿಂತಿತು. ದಾಯಾದಿ ಕೆಂಪಣ್ಣನ ಹೆಸರು ಕೇಳಿ ನಿಂತಿತೋ, ಕಟ್ಟಲು ಬರುವುದಿಲ್ಲ ಎಂದ ಮಾತಿಗೆ ನಿಂತಿತೋ ಗೊತ್ತಿಲ್ಲ. ಸ್ವಲ್ಪ ಹೊತ್ತಿನಲ್ಲಿ ಗೋಡೆಯ ಮೇಲೆ ಇದ್ದಿಲು ಕರಕರ ಅನ್ನುವ ಸದ್ದು ಬಂತು. ಅಮ್ಮ ಸೀರೆ ಸರಿಸಿ ನನ್ನ ಕಡೆ ನೋಡಿ, ಮಾವ ಒಪ್ಪಿಕೊಂಡ ಎಂದು ಕಣ್ಣಲ್ಲೇ ಹೇಳಿದಳು. ನನಗೆ ಖುಷಿಯಾಯಿತು. ಗುಡ್ಲಿನ ಆಸೆಗಲ್ಲ, ಚಿಗಳಿಯ ಆಸೆಗೂ ಅಲ್ಲ. ಅದು ಸೊಪ್ಪಿನಿಂದ ಮುಚ್ಚಿರುತ್ತದೆ. ಶನಿವಾರ ಹತ್ತಿರ ಬರುತ್ತಿತ್ತು. ಆ ಹುಡುಗರೆಲ್ಲ ಬಂದಾಗ ಈ ಸೀರೆಯ ಹಿಂದೆ, ಗಾಳಿಗೆ ಹಾರುವ ಸೀರೆಯ ಹಿಂದೆ, ನಾನು ಕೂತಿರುವುದು ಹೇಗೆ ಎಂದು ಬೆಳಗಿನಿಂದ ಯೋಚಿಸುತ್ತಿದ್ದೆ. ಗುಡ್ಲು ಎದ್ದರೆ ಯಾರ ಕಣ್ಣಿಗೂ ಬೀಳದೆ ಇರಬಹುದು. ನನಗೆ ಬೇಕಾಗಿದ್ದು ಅದೊಂದೇ.

ಮಾರನೆಯ ದಿನ ಮಾವ ಕಾಲೇಜಿಗೆ ರಜ ಹಾಕಿದ. ಕೊಂಬೆ ಕಡಿದು ತಂದ, ಬಿದಿರು ಸೀಳಿದ. ಅಜ್ಜಿ ಹೇಳಿದ ಹಾಗೆ ನಡುವೆ ಕಂಬ ನೆಟ್ಟು ಗರಿ ಇಳಿಬಿಟ್ಟಿದ್ದರೆ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಅವನು ಕಂಬವೇ ಬೇಡವೆಂದ. ಬಿದಿರಿನ ಸೀಳುಗಳನ್ನು ಬಗ್ಗಿಸಿ, ಒಂದರ ಮೇಲೊಂದು ಹಾಯಿಸಿ, ಕಂಬವಿಲ್ಲದೆ ಅದರ ಪಾಡಿಗೆ ಅದು ನಿಲ್ಲುವ ಒಂದು ಬುಟ್ಟಿಯಂಥದನ್ನು ಎಬ್ಬಿಸಿದ. ಕಟ್ಟಿದ್ದು ಸರಿಹೋಗದೆ ಬಿಚ್ಚಿದ, ಮತ್ತೆ ಕಟ್ಟಿದ. ಹಣೆಯ ಬೆವರು ಒರೆಸಿಕೊಳ್ಳಲೂ ನಿಲ್ಲಲಿಲ್ಲ. ಮಾರನೆಯ ಸಂಜೆಗೆ ಮುಗಿಯಿತು. ಗರಿಗಳನ್ನು ಒತ್ತೊತ್ತಾಗಿ ಹೊದಿಸದೆ, ಜಡೆಯ ಹಾಗೆ ಹೆಣೆದು, ನಡುನಡುವೆ ಕಿಂಡಿ ಬಿಟ್ಟು, ಕಿಂಡಿಗಳ ಅಂಚಿಗೆ ಹೊಂಗೆ ಚಿಗುರು ಸಿಕ್ಕಿಸಿದ್ದ. ಅಂಥ ಚೆಂದದ ಗುಡ್ಲನ್ನು ನಾನು ಆಮೇಲೂ ನೋಡಿಲ್ಲ. ದಾರಿಹೋಕರು ನಿಂತು ನೋಡಿದರು. ಕಳಶ ಹಿಡಿದು ಬಂದ ಹೆಂಗಸರು ಬಾಯಿಗೆ ಸೆರಗು ಹಚ್ಚಿದರು. ಅಜ್ಜಿ ಒಂದು ಸುತ್ತು ಬಂದಳು.

“ಇದೇನ್ಲಾ ಇದು, ಕೋಳಿ ಕವುಚೋ ಮಂಕ್ರಿ ಇದ್ದಂಗೈತೆ. ಆಚೆ ನಿಂತ್ರೆ ಒಳ್ಗಿರೋಳು ಕಾಣ್ತಾಳೆ.”

“ಗಾಳಿ ಆಡ್ಬೇಕು ಅವ್ವ, ಬೆಳಕು ಆಡ್ಬೇಕು. ಮಗು ಒಳಗೆ ಬೆಂದುಹೋಗ್ಬಾರ್ದು.”

ನನಗೆ ಮೈ ತೊಳೆಸಿ, ಅರಿಶಿನ ಹಚ್ಚಿ, ಒಳಗೆ ಕೂರಿಸಿದರು. ಕಿಂಡಿಗಳಿಂದ ಬೆಳಕು ಬಂದು ನನ್ನ ಮೈ ತುಂಬಾ ಚುಕ್ಕಿಯಾಯಿತು. ಹೊರಗೆ ಬಾವಿ ಕಾಣಿಸಿತು, ರಸ್ತೆ ಕಾಣಿಸಿತು, ರಸ್ತೆಯಲ್ಲಿ ಸೈಕಲ್ ಇಳಿದು ನಿಂತವನ ಹಲ್ಲು ಕಾಣಿಸಿತು. ನನಗೆ ಅವನು ಕಂಡ ಮೇಲೆ ಅವನಿಗೆ ನಾನೂ ಕಾಣಬೇಕಲ್ಲ. ಮಂಡಿಯ ನಡುವೆ ತಲೆ ಇಟ್ಟುಕೊಂಡೆ. ಬಾಯಿ ಬಿಟ್ಟು ಹೇಳುವ ಅಭ್ಯಾಸವೇ ನನಗಿರಲಿಲ್ಲ. ಶನಿವಾರ ಮಾವ ಹುಡುಗರಿಗೆ ಬರಬೇಡಿ ಎಂದು ಹೇಳಿರುತ್ತಾನೆ ಅಂದುಕೊಂಡೆ. ಅಮ್ಮನೂ ಹಾಗೇ ಅಂದುಕೊಂಡಿದ್ದಳು. ಅವನು ಹೇಳಿದ್ದ, ಆದರೆ ಬೇರೆಯದನ್ನು. ಎಲ್ಲರೂ ಮರೆಯದೆ ಡ್ರಾಯಿಂಗ್ ಬೋರ್ಡು ತನ್ನಿ ಎಂದಿದ್ದ.

ಬಸ್ಸು ನಿಂತ ಸದ್ದಿಗೆ ಅಮ್ಮ ಒಲೆಯ ಮುಂದಿನಿಂದ ಓಡಿಬಂದಳು.

“ಅಣ್ಣ, ಇವತ್ತೊಂದಿನ ಬೇಡ ಅಣ್ಣ. ಮಗು ಕೂತವ್ಳೆ.”

“ಅವಳನ್ನ ಯಾರ್ ನೋಡ್ತಾರೆ ಗೌರಿ? ಅವ್ರು ನೋಡೋದು ಗುಡ್ಲನ್ನ. ಒಂದು ಮೊಳೆ ಇಲ್ಲ, ಒಂದು ಕಂಬ ಇಲ್ಲ. ಇದಕ್ಕಿಂತ ಒಳ್ಳೇ ಪಾಠ ನಾನೆಲ್ಲಿಂದ ತರ್ಲಿ?”

ಅವನ ಮಾತಿನಲ್ಲಿ ಮೋಸವಿರಲಿಲ್ಲ, ಅದನ್ನು ನೀವು ತಿಳಿಯಬೇಕು. ಅವನಿಗೆ ನಿಜವಾಗಿಯೂ ಗುಡ್ಲು ಮಾತ್ರ ಕಾಣುತ್ತಿತ್ತು. ಹುಡುಗರು ಅಂಗಳದಲ್ಲಿ ಅರ್ಧ ಸುತ್ತು ಕೂತರು. ಮಾವ ಬಗ್ಗಿದ ಬಿದಿರನ್ನು ತಟ್ಟಿ ತೋರಿಸುತ್ತಾ, ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂದು ಹೇಳುತ್ತಾ ನನ್ನ ಸುತ್ತ ಸುತ್ತುತ್ತಿದ್ದ. ಒಂದೊಂದು ಕಿಂಡಿಯಲ್ಲೂ ಅವನ ಬಿಳಿ ಪ್ಯಾಂಟು ಹಾದುಹೋಗುತ್ತಿತ್ತು. ಹುಡುಗರು ತಲೆ ಎತ್ತುತ್ತಿದ್ದರು, ತಗ್ಗಿಸುತ್ತಿದ್ದರು, ಪೆನ್ಸಿಲ್ ಆಡಿಸುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಅಂದ:

“ಸಾರ್, ಒಳಗಿರೋ ಹುಡುಗಿ ಸ್ವಲ್ಪ ಮುಂದೆ ಬಂದ್ರೆ ಸ್ಕೇಲ್ ಗೊತ್ತಾಗತ್ತೆ ಸಾರ್.”

ಚಿತ್ರದಲ್ಲಿ ಒಬ್ಬ ಮನುಷ್ಯ ಇದ್ದರೆ ಕಟ್ಟಡ ಎಷ್ಟು ದೊಡ್ಡದು ಎಂದು ನೋಡುವವರಿಗೆ ತಿಳಿಯುತ್ತದಂತೆ, ಅದಕ್ಕೆ. ಮಾವ ಗುಡ್ಲಿನ ಬಾಯಿಗೆ ಬಗ್ಗಿದ.

“ರತ್ನಾ, ಒಂಚೂರು ಈ ಕಡೆ ಬಾರಮ್ಮ. ತಲೆ ಎತ್ತು. ಹಾಂ, ಅಷ್ಟೇ, ಅಲ್ಲಾಡ್ಬೇಡ.”

ನಾನು ಒಂಚೂರು ಆ ಕಡೆ ಬಂದೆ. ತಲೆಯನ್ನೂ ಎತ್ತಿದೆ. ಹೇಳಿದ್ದನ್ನು ಮಾಡುವುದೇ ನನಗೆ ಗೊತ್ತಿದ್ದದ್ದು. ತಲೆ ಎತ್ತಿದಾಗ ಅಷ್ಟೂ ಜನರ ಕಣ್ಣು ಒಟ್ಟಿಗೆ ನನ್ನ ಮೇಲಿತ್ತು. ಆಗ ನನ್ನ ಕೈ ಏನು ಮಾಡಿತೆಂದರೆ, ಕೆಳಗೆ ಹಾಸಿದ್ದ ಹುಲ್ಲನ್ನು ಹಿಡಿಯಷ್ಟು ಕಿತ್ತು, ಮುದುರಿ, ಹತ್ತಿರದ ಕಿಂಡಿಗೆ ತುರುಕಿತು. ಇನ್ನೊಂದು ಹಿಡಿ ಕಿತ್ತು ಇನ್ನೊಂದು ಕಿಂಡಿಗೆ. ನಾನು ಅಳಲಿಲ್ಲ, ಕೂಗಲಿಲ್ಲ, ಅವಸರವನ್ನೂ ಮಾಡಲಿಲ್ಲ. ಅಮ್ಮ ಗೋಡೆಗೆ ಸಗಣಿ ತಟ್ಟುವ ಹಾಗೆ ಒಂದರ ನಂತರ ಒಂದು ಮುಚ್ಚುತ್ತಾ ಹೋದೆ. ಹುಡುಗರಲ್ಲಿ ಯಾರೋ ನಕ್ಕರು. ಮಾವ ಕೂಗಿದ:

“ಏಯ್ ರತ್ನಾ, ಏನ್ ಮಾಡ್ತಿದೀಯ? ಹೆಣಿಗೆ ಹಾಳಾಗತ್ತೆ!”

ನಾನು ನಿಲ್ಲಿಸಲಿಲ್ಲ. ನಗು ನಿಂತಿತು. ಪೆನ್ಸಿಲ್ ಸದ್ದೂ ನಿಂತಿತು. ಒಳಗೆ ಕತ್ತಲಾಗುತ್ತಾ ಬಂತು, ಕೂತಿದ್ದ ನೆಲ ಬರಿದಾಯಿತು. ಹುಲ್ಲೆಲ್ಲ ಮುಗಿದರೂ ಕಣ್ಣೆತ್ತರದ ಒಂದು ದೊಡ್ಡ ಕಿಂಡಿ ಉಳಿದಿತ್ತು. ಅದರ ಆಚೆ ಮಾವ ಬಂದು ಬಗ್ಗಿ ನಿಂತ. ಅಷ್ಟು ಹತ್ತಿರದಿಂದ ಅವನ ಮುಖ ನೋಡಿದ್ದು ಆಗಲೇ. ಕನ್ನಡಕದ ಹಿಂದೆ ಅವನ ಕಣ್ಣು ಮೊದಲು ಹುಲ್ಲನ್ನು ನೋಡಿತು, ನನ್ನ ಕೈಯನ್ನು ನೋಡಿತು, ಆಮೇಲೆ ನನ್ನನ್ನು.

“ಮುಚ್ಚು ಮಾವ,” ಅಂದೆ.

ಅವನು ನೆಟ್ಟಗೆ ನಿಂತ. ಹುಡುಗರ ಕಡೆ ತಿರುಗಿ, ಬೋರ್ಡು ಎತ್ತಿಕೊಳ್ಳಿ, ಇವತ್ತಿಗೆ ಸಾಕು, ಬಸ್ಸಿಗೆ ಹೋಗಿ ಎಂದ. ಒಬ್ಬ ಏನೋ ಕೇಳಲು ಬಾಯಿ ತೆರೆದ, ಹೋಗಿ ಅಂದ್ನಲ್ಲ ಎಂದು ಮಾವ ಗದರಿದ. ಅವರ ಚಪ್ಪಲಿಯ ಸದ್ದು ರಸ್ತೆ ಮುಟ್ಟುವ ಮೊದಲೇ ಉಳಿದ ಆ ಕಿಂಡಿಯ ಮೇಲೆ ಒಂದು ಗರಿ ಬಿತ್ತು. ಅದರ ಮೇಲೆ ಇನ್ನೊಂದು. ಹಿತ್ತಲಿಂದ ಗರಿ ಎಳೆದು ತರುವ ಸದ್ದು, ಹೊದಿಸುವ ಸದ್ದು, ಮತ್ತೆ ಎಳೆಯುವ ಸದ್ದು. ಅವನು ಅರ್ಧಕ್ಕೆ ನಿಲ್ಲಿಸುವವನಲ್ಲ. ತಾನು ಹೆಣೆದ ಜಡೆ, ಸಿಕ್ಕಿಸಿದ ಚಿಗುರು ಎಲ್ಲದರ ಮೇಲೂ ಹೊದಿಸುತ್ತಲೇ ಹೋದ. ಕೊನೆಗೆ ಅಜ್ಜಿಯೇ ಬಂದು ಅವನ ತೋಳು ಹಿಡಿದಳು.

“ಸಾಕ್ ಬುಡ್ಲಾ, ಮಗಾ ಉಸ್ರಾಡ್ಬೇಕು.”

ನಾನು ಬರೀ ನೆಲದ ಮೇಲೆ ಕಾಲು ಚಾಚಿ ಮಲಗಿದೆ. ಕಣ್ಣು ತೆರೆದರೂ ಕತ್ತಲೆ, ಮುಚ್ಚಿದರೂ ಕತ್ತಲೆ. ಹಸಿ ಗರಿಯ ವಾಸನೆ. ಹಗಲು ಹೊತ್ತಿನಲ್ಲಿ ಹಾಗೆ ನಿದ್ದೆ ಮಾಡಿದ್ದು ಆ ಮನೆಗೆ ಬಂದ ಮೇಲೆ ಅದೇ ಮೊದಲು.

ಮಾವ ಆಮೇಲೆ ಬಹಳ ಕಾಲ ಬಾಳಿದ, ಬಹಳ ಕಟ್ಟಿಸಿದ. ಪೀಣ್ಯದಲ್ಲಿ ಕಾರ್ಖಾನೆ ಶೆಡ್ಡುಗಳು, ಒಂದು ಲೈಬ್ರರಿ, ಹೆಣ್ಣುಮಕ್ಕಳ ಹಾಸ್ಟೆಲು. ಜಾಲಹಳ್ಳಿಯಲ್ಲಿ ಮೊದಲು ಕಟ್ಟಿಸಿದ ಕ್ವಾರ್ಟರ್ಸೆಲ್ಲ ಬಯಲಿನ ಹಾಗೆ, ಆಮೇಲೆ ಕಟ್ಟಿಸಿದ ಸಾಲುಗಳಲ್ಲಿ ಮಾತ್ರ ಮನೆಗೊಂದು ಸಣ್ಣ ಕೋಣೆ, ಎರಡು ಮೊಣಕೈ ಚಾಚಿದರೆ ಗೋಡೆ ತಾಗುವಷ್ಟು. ಸರ್ ಮೊದಲಿನ ಹಾಗಿಲ್ಲ, ಹಿಂದಕ್ಕೆ ಹೋದರು ಎಂದು ಕಾಲೇಜಿನಲ್ಲಿ ಕೆಲವರು ಆಡಿಕೊಂಡರಂತೆ. ಅವನ ತಿಥಿಯ ದಿನ ತಲೆ ನರೆತ ಶಿಷ್ಯರೊಬ್ಬರು ನನ್ನ ಪಕ್ಕ ಕೂತು ಹೇಳಿದರು: ಯಾವ ನಕ್ಷೆ ತೆಗೆದುಕೊಂಡು ಹೋದರೂ ಮಾವ ಮೊದಲು ಕೇಳುತ್ತಿದ್ದುದು ಒಂದೇ, “ಈ ಮನೇಲಿ ಒಬ್ಬಳು ಹುಡುಗಿಗೆ ಇವತ್ತು ನಾನು ಯಾರ ಕಣ್ಣಿಗೂ ಬೀಳಬಾರ್ದು ಅನ್ನಿಸಿದ್ರೆ ಎಲ್ಲಿಗೆ ಹೋಗ್ತಾಳೆ? ತೋರ್ಸು.” ತೋರಿಸಲಾಗದಿದ್ದರೆ ನಕ್ಷೆ ವಾಪಸು. ಆ ಹುಡುಗಿ ಯಾರು ಅಂತ ನಮಗೆ ಕೊನೆಗೂ ಗೊತ್ತಾಗಲಿಲ್ಲ ಅಮ್ಮ, ಎಂದರು ಅವರು. ನಾನು ಸೆರಗು ಸರಿಮಾಡಿಕೊಂಡು ಕಾಫಿ ತರಲು ಎದ್ದುಹೋದೆ. ಈಗ ಆ ಹೊಲವೂ ಇಲ್ಲ, ಮನೆಯೂ ಇಲ್ಲ. ಅಲ್ಲಿ ಪೂರ್ತಿ ಗಾಜಿನ ಆಫೀಸು ಬಂದಿದೆ. ಮೆಟ್ರೋದಲ್ಲಿ ಹೋಗುವಾಗ ಒಳಗೆ ಸಾಲಾಗಿ ಕೂತ ಹುಡುಗಿಯರು ಒಬ್ಬೊಬ್ಬರೂ ಕಾಣುತ್ತಾರೆ. ನನ್ನ ಕಣ್ಣು ಸುಮ್ಮನಿರುವುದಿಲ್ಲ. ಇವರು ಎಲ್ಲಿಗೆ ಹೋಗುತ್ತಾರೆ ಎಂದು ಹುಡುಕುತ್ತಾ ಇರುತ್ತದೆ, ಅಷ್ಟರಲ್ಲಿ ಸ್ಟೇಷನ್ ಬಂದುಬಿಡುತ್ತದೆ. ಸಿರಿ, ಸುಮಂತ, ಮನೆಯಲ್ಲಿ ಒಬ್ಬಳೇ ಇದ್ದಾಗಲೂ ಈ ಅಜ್ಜಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ ಎಂದು ನೀವಿಬ್ಬರೂ ನಗುತ್ತೀರಲ್ಲ, ನಗಿ, ನನಗೇನೂ ಬೇಸರವಿಲ್ಲ.

ಗುಡ್ಲು ಕೀಳುವ ದಿನದ ವಿಷಯ ಹೇಳುವುದು ಉಳಿಯಿತು. ಬೆಳಿಗ್ಗೆಯೇ ನೆಂಟರು ಸೇರಿದ್ದರು. ನೀರು ಕಾದಿತ್ತು, ಆರತಿ ತಟ್ಟೆ ಸಿದ್ಧವಾಗಿತ್ತು. ಗರಿಗಳು ಒಣಗಿ ಬಣ್ಣ ತಿರುಗಿದ್ದವು. ಮಾವ ಸ್ನಾನ ಮಾಡಿ, ಪಂಚೆ ಉಟ್ಟು, ಕುಡುಗೋಲು ಹಿಡಿದು ಬಂದ. ನನಗೆ ಅವನು ಕಾಣುತ್ತಿರಲಿಲ್ಲ, ಹೆಜ್ಜೆ ಕೇಳಿಸಿತು. ಹೆಜ್ಜೆ ಗುಡ್ಲಿನ ಬಾಯಿಯ ಹತ್ತಿರ ನಿಂತಿತು. ಅವನು ಗರಿಗೆ ಕೈ ಹಾಕಲಿಲ್ಲ. ಹೊರಗೆ ನಿಂತು ಒಂದು ಸಲ ಕೆಮ್ಮಿದ.

“ರತ್ನಾ, ಕೀಳ್ಲಾ?”

ನನ್ನನ್ನು ಯಾರೂ ಅಲ್ಲಿಯವರೆಗೆ ಏನನ್ನೂ ಹಾಗೆ ಕೇಳಿರಲಿಲ್ಲ. ಒಳಗೆ ಇನ್ನೂ ತಂಪಾಗಿತ್ತು. ನಾನು ಮಂಡಿ ತಬ್ಬಿಕೊಂಡು ಕೂತೆ.

“ಇರು ಮಾವ,” ಅಂದೆ.

ಅವನು ನಿಂತ. ಅತ್ತ ಇತ್ತ ಹೆಜ್ಜೆ ಹಾಕಲಿಲ್ಲ, ಕುಡುಗೋಲನ್ನು ಕೈಯಿಂದ ಕೈಗೆ ಬದಲಿಸಲಿಲ್ಲ. ಹೆಂಗಸರು ಗುಸುಗುಸು ಅಂದರು. ಅಜ್ಜಿಗೆ ತಡೆಯಲಾಗಲಿಲ್ಲ.

“ಏನ್ಲಾ ಕಂಬ ನಿಂತಂಗೆ ನಿಂತಿದ್ದೀಯ? ಒತ್ತು ಮೀರ್ತೈತೆ, ಕೀಳ್ಲಾ.”

“ಅವಳು ಇರು ಅಂದವ್ಳೆ ಅವ್ವ,” ಅಂದ ಮಾವ.

ನಾನು ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆ.